ರಾತ್ರಿ ಹೊತ್ತು ಪಾದ ನೋಯುವುದೇಕೆ?



ಶಿಗ್ಗಾಂವ, ಸವಣೂರ ಕಡೆ ಯಾವ ಸಂಘದ ಸಭೆಗೆ ಹೋದರೂ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಮಾತು ಬಂದೇ ಬರುತ್ತದೆ. “ಸಿಸ್ಟರ್, ಹಗಲೆಲ್ಲ ಹೊಲದಾಗ ದುಡೀತೀವಿ, ಏನೂ ಅನಸೂದಿಲ್ಲ. ರಾತ್ರಿ ಮಲಗಿದ್ವಿ ಅಂದ್ರ ಅಂಗಾಲು ಉರೀತಾವ, ನಿದ್ದಿನ ಬರೂದಿಲ್ಲ.” ಪಕ್ಕದಲ್ಲಿ ಕೂತವರು “ವಾಯು ಆಗೇತಿ, ಬಿಸಿನೀರಾಗ ಕಾಲಿಡು” ಅನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ.

ಒಬ್ಬ ಹಿರಿಯ ಸದಸ್ಯೆ ನನ್ನ ಮಾತು ಕೇಳಿ ಮನೆಗೆ ಹೋಗಿ ಸುಡುವ ನೀರಿಗೆ ಉಪ್ಪು ಹಾಕಿ ಕಾಲಿಟ್ಟರು. ಅವರಿಗೆ ಬಿಸಿಯೇ ಗೊತ್ತಾಗಲಿಲ್ಲ. ಬೆಳಗ್ಗೆ ನೋಡಿದರೆ ಎರಡೂ ಪಾದಗಳಲ್ಲಿ ಗುಳ್ಳೆ ಎದ್ದಿದ್ದವು. ಆ ಗಾಯಕ್ಕೆ ಆಸ್ಪತ್ರೆಗೆ ಹೋದಾಗಲೇ ಸಕ್ಕರೆ ಕಾಯಿಲೆ ಇರುವುದು ತಿಳಿದದ್ದು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು, ಅಷ್ಟೂ ದಿನದ ಕೂಲಿ ಹೋಯಿತು. ಅಂದಿನಿಂದ ಪಾದ ನೋಡದೆ ಬಿಸಿನೀರಿನ ಮಾತನ್ನು ನಾನು ಆಡುವುದಿಲ್ಲ.

ಕಾಲುನೋವು ಎಂದು ನಾವು ಒಂದೇ ಹೆಸರು ಹೇಳಿದರೂ ಕಾರಣಗಳು ಬೇರೆ ಬೇರೆ. ಮಲಗಿದಾಗ ಮೀನಖಂಡ ಅಥವಾ ಪಾದ ಒಮ್ಮೆಲೆ ಗಟ್ಟಿಯಾಗಿ ಹಿಡಿದು ಸ್ವಲ್ಪ ಹೊತ್ತಿನಲ್ಲಿ ಬಿಟ್ಟರೆ ಅದು ಸ್ನಾಯುವಿನ ಸೆಳೆತ. ದಿನವಿಡೀ ನಿಂತು ದುಡಿದವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಹೆಚ್ಚು. ಕಾಲು ನೀಟಾಗಿ ಚಾಚಿ, ಕಾಲ್ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು ಹಿಡಿಯಿರಿ, ಬಿಡುತ್ತದೆ. ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ನಿಂತು ಮೀನಖಂಡವನ್ನು ಹಿಗ್ಗಿಸುವ ರೂಢಿ ಮಾಡಿಕೊಂಡರೆ ಸೆಳೆತ ಕಡಿಮೆಯಾಗುತ್ತದೆ. ಬಿಸಿಲಲ್ಲಿ ಕೆಲಸ ಮಾಡುವಾಗ ನೀರು ಕುಡಿಯಿರಿ. ಮೂತ್ರಕ್ಕೆ ಹೋಗಲು ಮರೆ ಇಲ್ಲವೆಂದು ನೀರೇ ಕುಡಿಯದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ.

ನೋವಿಗಿಂತ ಚಡಪಡಿಕೆ ಹೆಚ್ಚಿದ್ದು, ಕಾಲು ಅಲ್ಲಾಡಿಸಿದರೆ ಅಥವಾ ಎದ್ದು ನಡೆದಾಡಿದರೆ ಮಾತ್ರ ಸಮಾಧಾನ ಆಗುತ್ತದೆಯೇ? ಇದಕ್ಕೆ ಕಬ್ಬಿಣದ ಅಂಶ ಕಡಿಮೆ ಇರುವುದು ಒಂದು ಮುಖ್ಯ ಕಾರಣ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಗುಳಿಗೆ ಕೊಟ್ಟರೆ ಅದನ್ನು ಚಹಾದ ಜೊತೆ ನುಂಗಬೇಡಿ, ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಈಗ ಉರಿಯ ವಿಷಯ. ಎರಡೂ ಅಂಗಾಲು ಉರಿಯುವುದು, ಸೂಜಿ ಚುಚ್ಚಿದಂತೆ ಆಗುವುದು, ಇರುವೆ ಹರಿದಂತೆ ಆಗುವುದು, ಜೋಮು ಹಿಡಿಯುವುದು, ಹೊದಿಕೆ ತಾಗಿದರೂ ಸಹಿಸಲಾಗದಿರುವುದು, ಇವು ನರ ಸೋತ ಲಕ್ಷಣಗಳು. ಸಕ್ಕರೆ ಕಾಯಿಲೆ ಇದಕ್ಕೆ ದೊಡ್ಡ ಕಾರಣ. ಬಿ-12 ಜೀವಸತ್ವದ ಕೊರತೆಯಿಂದಲೂ ಹೀಗಾಗುತ್ತದೆ. ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ಊಟದಲ್ಲಿ ಬಿ-12 ಸಿಗುವುದಿಲ್ಲ. ಸಕ್ಕರೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹಳ ವರ್ಷ ತೆಗೆದುಕೊಂಡವರಲ್ಲಿಯೂ ಅದು ಕಡಿಮೆಯಾಗಬಹುದು. ಹಾಗಂತ ಗುಳಿಗೆ ನೀವೇ ಬಿಡಬೇಡಿ, ಡಾಕ್ಟರನ್ನು ಕೇಳಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆಯೂ ಇದ್ದರೆ ಕುಷ್ಠರೋಗದ ಪರೀಕ್ಷೆ ಆಗಲಿ, ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧವಿದೆ, ಪೂರ್ತಿ ಗುಣವಾಗುತ್ತದೆ.

ನರ ಸೋತ ಪಾದ ರಾತ್ರಿ ಉರಿಯುತ್ತದೆ, ಆದರೆ ಮುಳ್ಳು ಚುಚ್ಚಿದರೆ ಅದಕ್ಕೆ ತಿಳಿಯುವುದಿಲ್ಲ. ಎರಡೂ ಒಂದೇ ಪಾದದಲ್ಲಿ ಇರುತ್ತವೆ. ಆದ್ದರಿಂದ ಇಂಥವರಿಗೆ ಬಿಸಿನೀರು, ಬಿಸಿ ಇಟ್ಟಂಗಿ, ಕೆಂಡದ ಶಾಖ ಯಾವುದೂ ಬೇಡ. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ. ಚಪ್ಪಲಿ ಮೆಟ್ಟುವ ಮುಂಚೆ ಕೈಯಿಂದ ಝಾಡಿಸಿ, ಜಾಲಿಮುಳ್ಳು ಒಳಗೆ ತೂರಿರುತ್ತದೆ. ದಿನಾ ರಾತ್ರಿ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ನೋಡಿ. ಕಣ್ಣು ಕಾಣದಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ.

ಬೀಡಿ ಸೇದುವ ನಿಮ್ಮ ಮನೆಯವರು ರಾತ್ರಿ ಪಾದ ನೋಯುತ್ತದೆಂದು ಮಂಚದಿಂದ ಕಾಲು ಇಳಿಬಿಟ್ಟು ಕೂರುತ್ತಾರೆಯೇ? ಅದು ರಕ್ತನಾಳ ಕಟ್ಟಿಕೊಳ್ಳುತ್ತಿರುವ ಲಕ್ಷಣ ಇರಬಹುದು. ಪಾದ ತಣ್ಣಗಾಗುವುದು, ನೀಲಿ ಅಥವಾ ಕಪ್ಪಾಗುವುದು, ಒಂದೇ ಕಾಲು ಒಮ್ಮೆಲೆ ಬಾತು ಬಿಸಿಯಾಗುವುದು, ಗಾಯ ಮಾಯದಿರುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಸಂತೆಯ ದಿನ ಹೋದರಾಯಿತು ಎಂದು ಕಾಯಬೇಡಿ.

ಮೆಡಿಕಲ್ ಅಂಗಡಿಯ ನೋವಿನ ಗುಳಿಗೆಯನ್ನು ವಾರಗಟ್ಟಲೆ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ನರದ ಉರಿಗೆ ಅದು ಸರಿಯಾಗಿ ನಾಟುವುದೂ ಇಲ್ಲ. ಅದಕ್ಕೆ ಬೇರೆ ಔಷಧವಿದೆ, ಡಾಕ್ಟರು ಬರೆದುಕೊಡುತ್ತಾರೆ.

ಮುಂದಿನ ಸಭೆಯಲ್ಲಿ ಹೀಗೆ ಮಾಡಿ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಕಣ್ಣು ಮುಚ್ಚಿ ಕಾಲು ಚಾಚಲಿ. ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ ಹಗುರವಾಗಿ ಮುಟ್ಟಲಿ. ಒತ್ತಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ತಿಳಿದಾಗ ಅವರು “ಹೂಂ” ಅನ್ನಲಿ. ಆರರಲ್ಲಿ ಎರಡು ಕಡೆ ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ ನಮಗೆ ಇದರಲ್ಲಿ ನಾಚಿಕೆ ಏಕೆ?

ಅಂಥವರ ಹೆಸರು ಬರೆದುಕೊಂಡು ಆಶಾ ಕಾರ್ಯಕರ್ತೆಗೆ ತಿಳಿಸಿ. 30 ವರ್ಷ ದಾಟಿದವರಿಗೆಲ್ಲ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆ ಉಚಿತ. ಖಾಲಿ ಹೊಟ್ಟೆಯಲ್ಲಿ ಹೋಗಿ, ಚಹಾ ಸಹ ಕುಡಿಯಬೇಡಿ. ಆಗ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಚೀಟಿಯನ್ನು ಉಳಿತಾಯದ ಪಾಸ್‌ಬುಕ್ಕಿನ ಒಳಗೇ ಇಡಿ, ಕಳೆಯುವುದಿಲ್ಲ.