ಕೆರೆಕೋಡಿಯಿಂದ ಕಡಲಿಗೆ

ಮಗೂ, ಮೊನ್ನೆ ಮೆಟ್ಟಿಲ ಮೇಲೆ ಕೂತು ಕೇಳಿದೆಯಲ್ಲ, "ಸಮುದ್ರಕ್ಕೆ ಏನಾದರೂ ಮಾಡಬೇಕು ಅನ್ನಿಸ್ತದೆ ತಾತ, ಆದರೆ ಹೊಸಕೆರೆಹಳ್ಳಿಯಲ್ಲಿ ಕೂತು ಏನು ಮಾಡೋದು?" ಅಂತ. ಅಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದಳು, ನೀನು ಎದ್ದು ಹೋದೆ. ಹೇಳಬೇಕಾದ ಮಾತು ನನ್ನಲ್ಲೇ ಉಳಿಯಿತು.

ನೀನು ದಿನಾ ಹಾದುಹೋಗುವ ಜಾಗದ ಹೆಸರೇ ಕೆರೆಕೋಡಿ. ಕೋಡಿ ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಬಾಯಿ. ಆ ನೀರು ರಾಜಕಾಲುವೆ ಹಿಡಿದು ವೃಷಭಾವತಿ ನದಿ ಸೇರುತ್ತದೆ. ಕೆಂಗೇರಿ ದಾಟಿ, ಬೈರಮಂಗಲ ಕೆರೆ ಹಾದು, ಕನಕಪುರದ ಕಡೆ ಅರ್ಕಾವತಿಗೆ ಬೀಳುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ, ಕಾವೇರಿ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ನಡುವೆ ಮೆಟ್ಟೂರಿನಂಥ ಅಣೆಕಟ್ಟುಗಳಿವೆ, ಇಲ್ಲಿ ಎಸೆದದ್ದೆಲ್ಲ ಅಲ್ಲಿಯವರೆಗೆ ತಲುಪುವುದಿಲ್ಲ, ನಿಜ. ಆದರೂ ನಮ್ಮ ಮೋರಿಯ ದಾರಿ ಕಡಲ ಕಡೆಗೇ.

ಹಾಗಾಗಿ ಇಲ್ಲಿ ಕೂತೇ ಮಾಡಬಹುದಾದದ್ದಿದೆ. ಕಸ ಹೆಕ್ಕುವುದು ಒಂದು ಕೆಲಸ, ಅದನ್ನು ಎಣಿಸಿ ಬರೆದಿಡುವುದು ಇನ್ನೊಂದು. ನಾನು ಕರೆಯುತ್ತಿರುವುದು ಎರಡನೆಯದಕ್ಕೆ. ಅಮೆರಿಕದ ಟೆಕ್ಸಾಸ್ ತೀರದಲ್ಲಿ 1986ರಲ್ಲಿ ಹೀಗೆ ಎಣಿಸಲು ಶುರುಮಾಡಿದರು. ಈಗ ಪ್ರತಿ ಸೆಪ್ಟೆಂಬರಿನ ಮೂರನೇ ಶನಿವಾರದ ಆಸುಪಾಸು ಜಗತ್ತಿನ ಎಷ್ಟೋ ಕಡೆ, ಕಡಲತೀರದಲ್ಲಷ್ಟೇ ಅಲ್ಲ, ಕೆರೆ ನದಿಗಳ ದಡದಲ್ಲೂ ಜನ ಕಸ ಹೆಕ್ಕಿ ಲೆಕ್ಕ ಬರೆಯುತ್ತಾರೆ. ಸಿಕ್ಕ ಕಸದಲ್ಲಿ ಮೊದಲ ಸ್ಥಾನ ವರ್ಷಗಟ್ಟಲೆ ಸಿಗರೇಟಿನ ತುಂಡಿನದೇ ಆಗಿತ್ತು. 2019ರ ಲೆಕ್ಕದಲ್ಲಿ ತಿಂಡಿ ಪೊಟ್ಟಣ ಅದನ್ನು ಹಿಂದೆ ಹಾಕಿತು. ಅಷ್ಟು ಕಡೆಯಿಂದ ಸಾಮಾನ್ಯರು ಬರೆದು ಕಳಿಸದಿದ್ದರೆ ಯಾವ ವಿಜ್ಞಾನಿಗೂ ಇದು ತಿಳಿಯುತ್ತಿರಲಿಲ್ಲ.

ಜೋರು ಮಳೆ ಬಂದ ಮರುದಿನ ಕಾಲುವೆ ಪಕ್ಕ ನೂರು ಹೆಜ್ಜೆ ನಡೆದು ನಾನೂ ಎಣಿಸಿದೆ. ಬಾಟಲಿ, ಚಪ್ಪಲಿ, ಗುಟ್ಕಾ ಪೊಟ್ಟಣ ಕಂಡದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹುಲ್ಲಿನ ಬುಡದಲ್ಲಿ ಉಗುರಗಲದ ಮುಮ್ಮೂಲೆ ಚೂರುಗಳು ಸಿಕ್ಕಿದವು. ಅಂಗೈ ಮೇಲಿಟ್ಟು ನೋಡಿದಾಗ ಗೊತ್ತಾಯಿತು: ಹಾಲಿನ ಪ್ಯಾಕೆಟ್ಟಿನ ಮೂಲೆ. ಬೆಳಗಿನ ಕಾಫಿಯ ಅವಸರದಲ್ಲಿ ಕತ್ತರಿಸಿ ಬಿಡುತ್ತೇವಲ್ಲ, ಅದು. ಎಣಿಸಲು ಬಗ್ಗದಿದ್ದರೆ ನನಗದು ಕಾಣುತ್ತಲೇ ಇರಲಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಪ್ಯಾಕೆಟ್ಟಿಗೇ ಅಂಟಿಕೊಂಡಿರಲು ಬಿಡುತ್ತೇವೆ.

ಎಣಿಸುವುದಾದರೆ ತಿಂಗಳಿಗೊಮ್ಮೆ, ಅದೇ ಜಾಗ, ಅದೇ ನೂರು ಹೆಜ್ಜೆ. ಏನೂ ಸಿಗದ ದಿನ ಸೊನ್ನೆ ಎಂದು ಬರೆ. ಸೊನ್ನೆಯೂ ಲೆಕ್ಕವೇ. ಗುರುತು ಸಿಗದಿದ್ದರೆ "ಗೊತ್ತಾಗಲಿಲ್ಲ" ಎಂದು ಬರೆ, ಊಹಿಸಿ ತುಂಬಿಸಬೇಡ. ಒಂದು ಸುಳ್ಳು ಅಂಕಿ ಉಳಿದವರ ದುಡಿಮೆಯನ್ನೂ ಕೆಡಿಸುತ್ತದೆ. ನೀರಿಗಂತೂ ಇಳಿಯಲೇಬೇಡ, ಅದರಲ್ಲಿ ಒಳಚರಂಡಿ ನೀರೂ ಸೇರಿರುತ್ತದೆ.

ರಜೆಯಲ್ಲಿ ಹೊನ್ನಾವರದ ಕಾಸರಕೋಡಿನ ಕಡಲತೀರಕ್ಕೆ ಹೋದರೂ ಕಂಡದ್ದನ್ನು ಕಂಡಂತೆ ಬರೆಯುವ ಇದೇ ನಿಯಮ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಅಲ್ಲಿಯ ಮರಳಿಗೆ ಬಂದು, ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಯಿಟ್ಟು ಹೋಗುತ್ತವೆ. ಊರಿನ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಸುತ್ತ ಬೇಲಿ ಹಾಕಿ ಕಾಯುತ್ತಾರೆ. ನನ್ನ ಪಾಲಿಗೆ ಕಂಡದ್ದನ್ನು ಗಮನಿಸಿ ತಿಳಿಸುವ ಈ ವಿದ್ಯೆಗೆ ಅವರೇ ಗುರುಗಳು. ಆಮೆಯ ಜಾಡು ಕಂಡರೆ ದೂರ ನಿಲ್ಲು, ಟಾರ್ಚ್ ಹಾಕಬೇಡ, ಮೊಟ್ಟೆ ಮುಟ್ಟಬೇಡ. ಜಾಗದ ಗುರುತನ್ನು ಸ್ಟೇಟಸ್ಸಿಗೆ ಹಾಕದೆ ಇಲಾಖೆಯವರಿಗಷ್ಟೇ ಹೇಳು.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರುತ್ತೇನೆ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ತಾ. ಪೆನ್ನು ಬೇಡ, ಹನಿ ಬಿದ್ದರೆ ಮಸಿ ಹರಡುತ್ತದೆ. ಕೈಗವಸು ನನ್ನಲ್ಲಿ ಎರಡು ಜೊತೆ ಇವೆ.