ನಡೆದದ್ದನ್ನು ನಡೆದ ಹಾಗೇ ಬರೆ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಾರು ಕೊಂಡ ಸುದ್ದಿಯನ್ನು ನಿನ್ನಪ್ಪ ಫೋನಿನಲ್ಲಿ ಹೇಳಿದ. ಬಹಳ ಸಂತೋಷ. ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದ ವಾರವೇ ಅಪಘಾತದ ಮಾತೇಕೆ ಎಂದು ನಿನ್ನಮ್ಮ ಬೇಸರಪಟ್ಟಾಳು. ಆದರೆ ವಾಹನ ವಿಮೆಯ ಸರ್ವೇಯರ್ ಆಗಿ ದುಡಿದವನು ನಾನು. ಗುದ್ದಿದ ಮೇಲೆ ಯಾರ ಮನಸ್ಸೂ ಸ್ಥಿಮಿತದಲ್ಲಿ ಇರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ. ನಿನ್ನ ಓರಗೆಯವರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ಮನುಷ್ಯರನ್ನು ನೋಡು. ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೋ 112ಕ್ಕೋ ಕರೆ ಮಾಡು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ಹೇಳುವುದು, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು, ಇವು ಮೂರೂ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕರ ಕರ್ತವ್ಯ. ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಆಸ್ಪತ್ರೆಯಲ್ಲಿ ಅದನ್ನು ಕೇಳು.

ಆಮೇಲೆ ಫೋಟೋ ತೆಗೆ. ಎರಡೂ ವಾಹನದ ನಂಬರ್ ಪ್ಲೇಟು, ರಸ್ತೆ, ಜಜ್ಜಿದ ಭಾಗ ಎಲ್ಲವೂ ಬರಲಿ. ಸೇರಿದ ಜನ 'ಇಲ್ಲೇ ಮುಗಿಸಿಕೊಳ್ಳಿ' ಎಂದಾರು. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಗೆ ಬರೆದುಕೊಡಬಾರದು, ಹಣದ ಮಾತು ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ಸರ್ವೇಯರ್ ನೋಡುವ ತನಕ ಗ್ಯಾರೇಜಿನಲ್ಲಿ ರಿಪೇರಿ ಶುರುವಾಗಲು ಬಿಡಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು ಕ್ಲೇಮ್ ಫಾರಂ ವಿಚಾರ. 'ನೀವು ಸೈನ್ ಮಾಡಿ ಮೇಡಂ, ನಾವು ತುಂಬಿಸಿಕೊಳ್ತೀವಿ' ಎಂದು ಯಾರಾದರೂ ಖಾಲಿ ಫಾರಂ ಚಾಚಿದರೆ ಸಹಿ ಹಾಕಬೇಡ. ಸಲಹೆಗಳು ಅಲ್ಲಿಂದಲೇ ಹೊರಡುತ್ತವೆ: ಓಡಿಸುತ್ತಿದ್ದವನು ಎಲ್‌ಎಲ್‌ಆರ್ ಹುಡುಗ, ಅವನ ಹೆಸರು ಬಿಟ್ಟು ಅಕ್ಕನ ಹೆಸರು ಬರೆಯಿರಿ, ಬೈಕಿಗೆ ಗುದ್ದಿದ್ದು ಬೇಡ, ಕಂಬಕ್ಕೆ ತಗುಲಿತು ಅನ್ನಿ, ತಿಳಿಸುವುದು ತಡವಾಯಿತು, ತಾರೀಖು ಮುಂದೆ ಹಾಕಿ.

ಈ ಸುಳ್ಳುಗಳಲ್ಲಿ ಎಷ್ಟೋ ಅನಗತ್ಯ ಕಣೇ. ಎಲ್‌ಎಲ್‌ಆರ್ ಇದ್ದವರು ಪಕ್ಕದಲ್ಲಿ ಡಿಎಲ್ ಇರುವ ಕಲಿಸುವವರನ್ನು ಕೂರಿಸಿಕೊಂಡು, ಎಲ್ ಫಲಕ ಹಾಕಿ ಓಡಿಸಿದ್ದರೆ ಪಾಲಿಸಿ ಅದನ್ನು ಒಪ್ಪುತ್ತದೆ. ತಡಕ್ಕೆ ನಿಜವಾದ ಕಾರಣವಿದ್ದರೆ, ತಡವಾಯಿತೆಂಬ ಒಂದೇ ನೆಪದಿಂದ ಕ್ಲೇಮ್ ತಳ್ಳಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ನಿಜ ಹೇಳಿದ್ದರೆ ಸಿಗುತ್ತಿದ್ದ ಹಣವನ್ನು ಜನ ಸುಳ್ಳು ಹೇಳಿ ಕಳೆದುಕೊಳ್ಳುತ್ತಾರೆ. ಕಂಬಕ್ಕೆ ಗುದ್ದಿದ ತಗ್ಗೇ ಬೇರೆ, ಬೈಕಿನ ಟೈರು ಉಜ್ಜಿದ ಗುರುತೇ ಬೇರೆ. ಕೆಲಸ ಬಲ್ಲ ಸರ್ವೇಯರನಿಗೆ ಅದು ಬಂಪರಿನ ಮೇಲೇ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಬ್ಬರ ಪಾಡು. ನಿನ್ನ ಕಾರಿನಿಂದ ಪೆಟ್ಟಾದ ಬೈಕಿನವನ ಪರಿಹಾರವನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ನಿರ್ಧರಿಸುತ್ತದೆ. ನಿನ್ನ ಥರ್ಡ್ ಪಾರ್ಟಿ ವಿಮೆಯಿಂದ ಅದು ಅವನಿಗೆ ಸಲ್ಲಬೇಕು. ಠಾಣೆಯ ದಾಖಲೆಯಲ್ಲಿ ಒಬ್ಬ ಚಾಲಕ, ನಿನ್ನ ಫಾರಂನಲ್ಲಿ ಇನ್ನೊಬ್ಬ ಎಂದಾದರೆ ತಕರಾರು ಹುಟ್ಟುತ್ತದೆ. ದುಡಿಯುವವನ ಕಾಲು ಮುರಿದ ಮನೆಯವರು ಕೋರ್ಟಿಗೆ ಅಲೆಯುತ್ತಾರೆ. ನಿನ್ನ ಬಂಪರಿನ ದುಡ್ಡಿಗಾಗಿ ಅವರ ಅನ್ನಕ್ಕೆ ಕಲ್ಲು ಹಾಕಬಾರದು.

ಪೂರ್ತಿ ಖರ್ಚು ಬರುತ್ತದೆಂದೂ ಎಣಿಸಬೇಡ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲಿ ಸಾವಿರ ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ ಎರಡು ಸಾವಿರ ಕಡ್ಡಾಯವಾಗಿ ನಿನ್ನ ಪಾಲು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ. ಝೀರೋ ಡೆಪ್ ಎಂಬ ಹೆಚ್ಚುವರಿ ಕವಚ ಇದ್ದರೆ ಈ ಕಡಿತ ತಪ್ಪುತ್ತದೆ. ಸಣ್ಣ ಗೀರಿಗೆ ಕ್ಲೇಮ್ ಹಾಕುವ ಮುಂಚೆ ಲೆಕ್ಕ ನೋಡು: ಕ್ಲೇಮಿಲ್ಲದ ವರ್ಷಗಳಿಗೆ ಸಿಗುವ ಎನ್‌ಸಿಬಿ ರಿಯಾಯಿತಿ ಶೇಕಡಾ 20ರಿಂದ ಶುರುವಾಗಿ 50ರವರೆಗೆ ಏರುತ್ತದೆ, ಒಂದು ಕ್ಲೇಮಿಗೆ ಸಾಮಾನ್ಯವಾಗಿ ಅಷ್ಟೂ ಹೋಗುತ್ತದೆ. ಮಳೆಯಲ್ಲಿ ಕಾರು ಮುಳುಗಿ ನಿಂತರೆ ಸ್ಟಾರ್ಟ್ ಮಾಡಲೇಬೇಡ. ನೀರು ಹೊಕ್ಕ ಎಂಜಿನ್ ತಿರುಗಿಸಿ ಕೆಟ್ಟರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚವಿಲ್ಲದೆ ಹಣ ಬರುವುದು ಕಷ್ಟ.

ನ್ಯಾಯವಾದ ಕ್ಲೇಮನ್ನು ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆ. ತಿಂಗಳಾದರೂ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಯೆನಿಸದಿದ್ದರೆ, ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಒಂಬುಡ್ಸ್‌ಮನ್ ಮುಂದೆ ಇರುವುದು ನೀನು ಅಂದು ಬರೆದ ಫಾರಂ. ಅದರಲ್ಲಿ ಇರುವುದೆಲ್ಲ ನಿಜವಾಗಿದ್ದರೆ ಯಾರು ಎಷ್ಟು ಸಲ ಕೇಳಿದರೂ ನಿನ್ನ ಮಾತು ಬದಲಾಗದು.

ಈ ಭಾನುವಾರ ಪಾಲಿಸಿ ತೆಗೆದು ಷರತ್ತುಗಳನ್ನು ಒಮ್ಮೆ ಪೂರ್ತಿ ಓದು. ಅರ್ಥವಾಗದ್ದಕ್ಕೆ ಗುರುತು ಹಾಕಿಟ್ಟು ನನಗೆ ಫೋನ್ ಮಾಡು. ಕೂತು ಬಿಡಿಸಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ