ಪದ ಒಂದೇ, ಅರ್ಥ ಬೇರೆ: ಆನ್‌ಲೈನ್ ಸಾಂಸ್ಕೃತಿಕ ವಿನಿಮಯದ ಮೊದಲ ಪಾಠ



ಪಿಯುಸಿ ಮುಗಿಸಿ ಡಿಗ್ರಿಗೆ ಸೇರುವ ನಿಮ್ಮಲ್ಲಿ ಕೆಲವರಿಗಾದರೂ ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಆನ್‌ಲೈನ್‌ನಲ್ಲಿ ಕೂಡಿ ಕಲಿಯುವ ಅವಕಾಶ ಸಿಗಬಹುದು. ಇದಕ್ಕೆ 'ವರ್ಚುವಲ್ ಎಕ್ಸ್‌ಚೇಂಜ್' ಎನ್ನುತ್ತಾರೆ. ವೀಸಾ ಬೇಡ, ವಿಮಾನದ ಖರ್ಚೂ ಇಲ್ಲ. ಆದರೂ "ಸರ್, ನನ್ನ ಇಂಗ್ಲಿಷ್ ಸಾಲದು" ಎಂದು ಹಿಂದೆ ಸರಿಯುವವರಿದ್ದಾರೆ. ಇಂಗ್ಲಿಷ್ ಪಾಠ ಮಾಡುವ ನಾನೇ ಹೇಳುತ್ತೇನೆ: ಇಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇಂಗ್ಲಿಷ್ ಅಲ್ಲ.

ಒಂದು ಉದಾಹರಣೆ ನೋಡೋಣ. ಅಮೆರಿಕದ ಎಂಐಟಿಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಗಿಲ್ಬರ್ಟ್ ಫರ್ಸ್ಟನ್‌ಬರ್ಗ್ ಮತ್ತು ಸಹೋದ್ಯೋಗಿಗಳು 1997ರಲ್ಲಿ 'ಕಲ್ಚುರಾ' ಎಂಬ ಯೋಜನೆ ಆರಂಭಿಸಿದರು. ಅಮೆರಿಕ ಮತ್ತು ಫ್ರಾನ್ಸಿನ ವಿದ್ಯಾರ್ಥಿಗಳಿಗೆ ಒಂದೇ ಬಗೆಯ ಪ್ರಶ್ನೆಗಳು. ಈ ಪದ ಕೇಳಿದೊಡನೆ ನಿಮಗೆ ಏನು ಹೊಳೆಯುತ್ತದೆ? ಒಳ್ಳೆಯ ನೆರೆಯವರು ಎಂದರೆ ಯಾರು? ಕ್ಯೂನಲ್ಲಿ ನಿಂತಾಗ ಯಾರೋ ಮುಂದೆ ನುಗ್ಗಿದರೆ ಏನು ಮಾಡುತ್ತೀರಿ? ಅಮೆರಿಕದವರು ಇಂಗ್ಲಿಷಿನಲ್ಲಿ ಬರೆದರು, ಫ್ರಾನ್ಸಿನವರು ಫ್ರೆಂಚಿನಲ್ಲಿ ಬರೆದರು. ಆಮೇಲೆ ಎರಡೂ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಕಂಡಲ್ಲಿ ಪರಸ್ಪರ ಪ್ರಶ್ನಿಸಿದರು.

'ಇಂಡಿವಿಜುವಲಿಸಂ' ಎಂಬ ಪದಕ್ಕೆ ಅಮೆರಿಕದವರು ಸ್ವಾತಂತ್ರ್ಯ, ಸ್ವಂತಿಕೆ ಎಂದು ಬರೆದರು. ಅದರದೇ ಫ್ರೆಂಚ್ ರೂಪಕ್ಕೆ ಫ್ರಾನ್ಸಿನವರು ಸ್ವಾರ್ಥ ಎಂದು ಬರೆದರು. ನಿಘಂಟಿನಲ್ಲಿ ಒಂದೇ ಆದ ಪದ ಬದುಕಿನಲ್ಲಿ ಬೇರೆಯಾಗಿತ್ತು. ಅವರವರ ಭಾಷೆಯಲ್ಲಿ ಬರೆದದ್ದರಿಂದಲೇ ಇದು ಸ್ಪಷ್ಟವಾಗಿ ಕಂಡಿತು.

ಸುದ್ದಗುಂಟೆಪಾಳ್ಯದ ನಮಗೆ ಇದರ ಅಭ್ಯಾಸಕ್ಕೆ ವಿದೇಶವೇ ಬೇಕಿಲ್ಲ. ನಮ್ಮ ತರಗತಿಗಳಲ್ಲೇ ಉರ್ದು, ಕನ್ನಡ, ತಮಿಳು, ಮಲಯಾಳಂ ಮನೆಮಾತಿನವರಿದ್ದಾರೆ. ಊಟಕ್ಕೆ ಕೂತ ಅತಿಥಿಗೆ ಕನ್ನಡದಲ್ಲಿ "ಸಂಕೋಚ ಬೇಡ" ಎನ್ನುತ್ತೇವೆ. ದಖನಿ ಮನೆಗಳಲ್ಲಿ "ತಕಲ್ಲುಫ್ ನಕ್ಕೋ ಕರೋ" ಎನ್ನುತ್ತಾರೆ. ಸಂಕೋಚ ಎಂದರೆ ಮನಸ್ಸಿನ ಹಿಂಜರಿಕೆ. ತಕಲ್ಲುಫ್ ಎಂದರೆ ಉಪಚಾರಕ್ಕಾಗಿ ನಡೆದುಕೊಳ್ಳುವ ರೀತಿ. "ಡೋಂಟ್ ಬಿ ಶೈ" ಎಂಬ ಇಂಗ್ಲಿಷ್ ಮಾತಿನಲ್ಲಿ ಇವೆರಡೂ ಪೂರ್ತಿ ಹಿಡಿಸುವುದಿಲ್ಲ. ಇಂಥ ವ್ಯತ್ಯಾಸ ಗೊತ್ತಿರುವ ನೀವು ವಿನಿಮಯಕ್ಕೆ ಬರಿಗೈಯಲ್ಲಿ ಹೋಗುವವರಲ್ಲ.

ಮೂರು ವಿಷಯ ನೆನಪಿಡಿ.

1. ಎಲ್ಲರ ಪರವಾಗಿ ಮಾತನಾಡಬೇಡಿ. ನಿಮ್ಮ ಧರ್ಮ, ಉಡುಪು, ದೇಶದ ಬಗ್ಗೆ ಪ್ರಶ್ನೆಗಳು ಬಂದೇ ಬರುತ್ತವೆ. "ಮುಸ್ಲಿಮರು ಹೀಗೆ", "ಭಾರತೀಯರು ಹೀಗೆ" ಎನ್ನುವ ಬದಲು "ನಮ್ಮ ಮನೆಯಲ್ಲಿ ಹೀಗೆ" ಎನ್ನಿ. ಎದುರಿನವರ ಒಂದು ಮಾತಿನಿಂದ ಅವರ ಇಡೀ ದೇಶವನ್ನೂ ಅಳೆಯಬೇಡಿ.

2. ಉತ್ತರ ವಿಚಿತ್ರ ಎನಿಸಿದರೆ ತೀರ್ಪು ಕೊಡುವ ಮೊದಲು "ಹೀಗೆ ಬರೆಯಲು ಕಾರಣವೇನು?" ಎಂದು ಕೇಳಿ.

3. ಗಡಿಯಾರ ನೋಡಿಕೊಳ್ಳಿ. ಬಾಸ್ಟನ್‌ನ ಬೆಳಿಗ್ಗೆ 9 ಗಂಟೆ ಎಂದರೆ ಅವರ ಬೇಸಿಗೆಯ ಸಮಯದಲ್ಲಿ ನಮಗೆ ಸಂಜೆ 6:30, ಚಳಿಗಾಲದ ಸಮಯದಲ್ಲಿ 7:30. ಏಪ್ರಿಲ್‌ನಲ್ಲಿ ಸಂಜೆ 6:30 ನಮ್ಮ ಮಗ್ರಿಬ್ ಹೊತ್ತು. ಹೇಳದೆ ಎದ್ದು ಹೋಗುವುದಕ್ಕಿಂತ ಮೊದಲ ದಿನವೇ ತಿಳಿಸಿದರೆ ಅವರೂ ಹೊಂದಿಸಿಕೊಳ್ಳುತ್ತಾರೆ.

ಈ ವಾರದ ಅಭ್ಯಾಸ: ಬೇರೆ ಮನೆಮಾತಿನ ಸಹಪಾಠಿಯೊಂದಿಗೆ ಜೋಡಿಯಾಗಿ. 'ನೆರೆಯವರು', 'ಮರ್ಯಾದೆ', 'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬ ಮೂರಕ್ಕೂ ಹೊಳೆದ ಐದೈದು ಪದಗಳನ್ನು ಒಬ್ಬರದನ್ನೊಬ್ಬರು ನೋಡದೆ ನಿಮ್ಮ ನಿಮ್ಮ ಭಾಷೆಯಲ್ಲೇ ಬರೆಯಿರಿ. ನಂತರ ಹೋಲಿಸಿ, ಪ್ರಶ್ನೆ ಕೇಳಿ. ಹಾಳೆಗಳನ್ನು ಇಂಗ್ಲಿಷ್ ವಿಭಾಗಕ್ಕೆ ತಂದುಕೊಡಿ. ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.